ಮುಂದಿನ ಎಡಗಡೆ ಚಕ್ರ

ನಮ್ಮ ಮನೆಯಲ್ಲಿ ಜೀಪು ಕೆಟ್ಟರೆ ಮೊದಲು ಜಗಳ, ಆಮೇಲೆ ರಿಪೇರಿ. ಜಗಳ ಎಳೆದಾಡಿಕೊಂಡು ಸಾಗುವಷ್ಟರಲ್ಲಿ ಜೀಪು ತಾನಾಗಿಯೇ ಸರಿಹೋದದ್ದೂ ಉಂಟು. ಹಾಗೆ ಸರಿಹೋದಾಗಲೆಲ್ಲ ನನ್ನ ಗಂಡ ಅದು ತಾನು ಮಾಡಿದ್ದೆಂದೇ ಹೇಳಿಕೊಳ್ಳುತ್ತಿದ್ದರು. ಅವರು ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟರು. ಲೆಕ್ಕ ತಪ್ಪಿದರೆ ಹುಡುಗರ ತಪ್ಪು, ಸರಿಬಂದರೆ ಮೇಷ್ಟರ ಜಾಣತನ ಎಂಬುದು ಅವರ ವೃತ್ತಿಯ ನಿಯಮ. ಜೀಪಿಗೂ ಅದನ್ನೇ ಅನ್ವಯಿಸಿದ್ದರು.

ಇದು ಎಂಬತ್ತರ ದಶಕದ ಮಾತು. ನಾನು ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಬೆಳೆದವಳು, ಅಂಬಾಜಿದುರ್ಗದ ಬುಡದ ಹಳ್ಳಿಗೆ ಸೊಸೆಯಾಗಿ ಬಂದೆ. ಅತ್ತೆ ನಾನು ಬರುವುದಕ್ಕೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ಗಂಡ, ನಾನು, ಜೊತೆಗೆ ಸಾವಿರಾರು ರೇಷ್ಮೆಹುಳು. ಮದುವೆಯಾದ ವರ್ಷವೇ ನನ್ನ ಗಂಡ ಮಾವನ ಜೋಡಿ ಎತ್ತುಗಳನ್ನು ಮಾರಿಸಿ, ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೇ ಜೀಪು ತಂದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಜೀಪು, ಬೆಟ್ಟ ಬೇಕಾದರೂ ಹತ್ತುತ್ತದೆ ಎಂದು ಊರಿಗೆಲ್ಲ ಹೇಳಿದರು. ನಮಗೆ ಬೆಟ್ಟ ಹತ್ತುವ ಕೆಲಸ ಯಾವತ್ತೂ ಬರಲಿಲ್ಲ ಎನ್ನುವುದು ಬೇರೆ ಮಾತು.

ಎತ್ತು ಹೋದ ದಿನದಿಂದ ಮಾವ ಮಗನ ಜೊತೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು. ಮಾತೇ ನಿಂತಿತು ಅಂತಲ್ಲ, ಎಲ್ಲವೂ ನನ್ನ ಮೂಲಕ ಹೋಗಬೇಕಿತ್ತು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಮುದ್ದೆ ಮುರಿಯುತ್ತ ಕೂತಿರುವಾಗ ಮಾವ ನನ್ನನ್ನು ನೋಡಿ, ಅವನಿಗೆ ಸಾರು ಬೇಕೇನೋ ಕೇಳಮ್ಮ ಎನ್ನುತ್ತಿದ್ದರು. ಗಂಡ ನನ್ನನ್ನು ನೋಡಿ, ಸಾಕು ಅಂತ ಹೇಳು ಎನ್ನುತ್ತಿದ್ದರು. ಮೊದಮೊದಲು ನಾನು ಶ್ರದ್ಧೆಯಿಂದ ಎರಡೂ ಕಡೆಗೆ ಮಾತು ದಾಟಿಸುತ್ತಿದ್ದೆ. ಆಮೇಲೆ ಬೇಸರ ಬಂದು ಸುಮ್ಮನಾದೆ. ಆದರೂ ವ್ಯವಹಾರ ಸುಸೂತ್ರವಾಗಿಯೇ ನಡೆಯುತ್ತಿತ್ತು.

ಹುಳು ಸಾಕುವ ಮನೆಯ ಕಟ್ಟುನಿಟ್ಟು ಸಾಕದವರಿಗೆ ಅರ್ಥವಾಗುವುದಿಲ್ಲ. ಹುಳುವಿಗೆ ವಾಸನೆ ಆಗದು. ಸೀಮೆಎಣ್ಣೆ, ಪೆಟ್ರೋಲು, ಗ್ರೀಸು ಎಂದರೆ ಮೇವು ಬಿಟ್ಟು ಸೊರಗುತ್ತವೆ ಎಂದು ಮಾವನ ನಂಬಿಕೆ. ನಾನು ತವರಿನಿಂದ ತಂದ ಪೌಡರಿನ ಡಬ್ಬಿ ಕೂಡ ಹುಳುವಿನ ಬೆಳೆ ಇರುವಷ್ಟು ದಿನ ಟ್ರಂಕಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತಿತ್ತು. ಜೀಪಿಗಂತೂ ಮನೆಯ ಹತ್ತಿರ ಸುಳಿಯುವ ಅಪ್ಪಣೆಯೇ ಇರಲಿಲ್ಲ. ಅದು ಊರಾಚೆ ಕೆರೆ ಏರಿಯ ಬುಡದಲ್ಲಿದ್ದ ಹುಣಸೆಮರದ ಕೆಳಗೆ ನಿಲ್ಲಬೇಕು. ದೂರದ ತೋಟದಿಂದ ಹಿಪ್ಪುನೇರಳೆ ಸೊಪ್ಪು ಅಲ್ಲಿಯವರೆಗೆ ಜೀಪಿನಲ್ಲಿ, ಅಲ್ಲಿಂದ ಮನೆಗೆ ತಲೆಹೊರೆಯಲ್ಲಿ. ಬಂದ ಪ್ರತಿ ಹೊರೆಯನ್ನೂ ಮಾವ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಮಗನನ್ನೂ ಹಾಗೇ ಮೂಸಿ, ಇವನು ಸ್ನಾನ ಮಾಡಿ ಬರಲಿ ಅಂತ ಹೇಳಮ್ಮ ಎನ್ನುತ್ತಿದ್ದರು.

ಜೀಪು ಊರಾಚೆ ನಿಂತದ್ದರಿಂದ ನನಗೊಂದು ಲಾಭವಾಯಿತು. ನಮ್ಮ ಕಡೆ ಕೆರೆಯಲ್ಲಿ ನೀರಿದ್ದರೆ ಅದು ಸುದ್ದಿ, ಇಲ್ಲದಿದ್ದರೆ ಅದು ಮೈದಾನ. ಸಂಜೆ ಸ್ಕೂಲಿನಿಂದ ಬಂದ ಗಂಡ ನನ್ನನ್ನು ಆ ಕೆರೆ ಅಂಗಳಕ್ಕೆ ಕರೆದುಕೊಂಡು ಹೋಗಿ ಡ್ರೈವಿಂಗ್ ಹೇಳಿಕೊಡಲು ಶುರುಮಾಡಿದರು. ಕಲಿಸುವ ಮೇಷ್ಟರು ಪಕ್ಕದಲ್ಲಿ ಕೂತು ಕ್ಲಚ್ಚಿನ ಬಗ್ಗೆ ಭಾಷಣ ಮಾಡುತ್ತಿದ್ದರು, ನಾನು ಭಾಷಣ ಕೇಳಿಸಿಕೊಳ್ಳದೆ ಓಡಿಸುತ್ತಿದ್ದೆ, ಅದಕ್ಕೇ ಬೇಗ ಕಲಿತೆ. ಆ ಜೀಪನ್ನು ನಾನು ಎಷ್ಟು ಪ್ರೀತಿಸಿದೆನೋ ಹೇಳಲಾರೆ. ಪೇಟೆಯಲ್ಲಿ ಮನಸ್ಸಿಗೆ ಬಂದಾಗ ಎದ್ದು ಹೊರಡುತ್ತಿದ್ದವಳು ನಾನು. ಇಲ್ಲಿ ಚಿಂತಾಮಣಿಗೆ ಹೋಗಿ ಒಂದು ರವಿಕೆ ಬಟ್ಟೆ ತರಬೇಕೆಂದರೂ ಬಸ್ಸನ್ನು ಕಾಯಬೇಕು, ಬಸ್ಸಿಗಿಂತ ಮೊದಲು ಯಾರಾದರೂ ಗಂಡಸಿಗೆ ಬಿಡುವಾಗುವುದನ್ನು ಕಾಯಬೇಕು. ಸ್ಟೇರಿಂಗ್ ಹಿಡಿದಾಗ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ ಅನ್ನಿಸುತ್ತಿತ್ತು. ಮಾವನಿಗೆ ಇದು ಗೊತ್ತಾಗಕೂಡದು ಎಂದು ಗಂಡ ಹೆದರಿಸಿದ್ದರು. ಏರಿಯ ಮೇಲೆ ಯಾರ ತಲೆ ಕಂಡರೂ ನಾನು ಸೀಟಿನ ಕೆಳಗೆ ಬಗ್ಗಿಬಿಡುತ್ತಿದ್ದೆ. ಓಡುವ ಜೀಪಿನಲ್ಲಿ ಡ್ರೈವರು ಬಗ್ಗಿಕೊಂಡರೆ ಮರೆಯಾಗುವುದು ದಾರಿಯೇ ಹೊರತು ಡ್ರೈವರಲ್ಲ ಎಂದು ನನಗಾಗಲೀ ಮೇಷ್ಟರಿಗಾಗಲೀ ಹೊಳೆಯಲಿಲ್ಲ.

ಹೀಗಿರುವಾಗ ಜೀಪಿನಿಂದ ಒಂದು ಸದ್ದು ಬರತೊಡಗಿತು. ಮೊದಲು ದುಂಬಿ ಗುಂಯ್‌ಗುಟ್ಟಿದಂತೆ, ಆಮೇಲೆ ರಾಗಿ ಬೀಸಿದಂತೆ. ಚಿಂತಾಮಣಿಯಲ್ಲಿ ನಮ್ಮದೊಬ್ಬ ಮೆಕ್ಯಾನಿಕ್ ಇದ್ದ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಧೈರ್ಯ. ರೋಗ ಪತ್ತೆಮಾಡಲು ಅವನು ಕಣ್ಣು ಮುಚ್ಚಿಕೊಂಡು ಜೀಪಿನಲ್ಲಿ ಒಂದು ಸುತ್ತು ಹೋಗುತ್ತಿದ್ದ. ಮೊದಲ ಸಲ ಕಣ್ಣು ತೆರೆದು ಗೇರ್‌ಬಾಕ್ಸ್ ಎಂದ. ಎರಡನೇ ಸಲ ಟೈರು ಎಂದ. ಮೂರನೇ ಸಲ ನಿದ್ದೆಯೇ ಬಂದಿರಬೇಕು, ಎಬ್ಬಿಸಿದ ಮೇಲೆ ಗೇರ್‌ಬಾಕ್ಸ್ ಎಂದು ಮತ್ತೆ ಹೇಳಿದ. ಊರಿನವರೂ ತಮ್ಮ ತಮ್ಮ ತಿಳಿವಳಿಕೆ ಸೇರಿಸಿದರು. ಮುರುಗಮಲ್ಲದ ದರ್ಗಾಕ್ಕೆ ಒಂದು ಸಲ ಕರೆದುಕೊಂಡು ಹೋಗಿ ಬನ್ನಿ, ಮನುಷ್ಯರ ಗಾಳಿಯೇ ಬಿಡುತ್ತದಂತೆ, ಜೀಪಿನದು ಬಿಡದೇ ಎಂದು ಪಕ್ಕದ ಮನೆಯಾಕೆ ಹೇಳಿದಳು. ಕೊನೆಗೆ ಮೆಕ್ಯಾನಿಕ್ ಜಾಕ್ ಕೊಟ್ಟು ಮುಂದಿನ ಎಡಗಡೆ ಚಕ್ರವನ್ನು ಎತ್ತಿ ಅಲ್ಲಾಡಿಸಿದಾಗ ಅದು ಬೀಳುವ ಹಾಲುಹಲ್ಲಿನಂತೆ ಆಡಿತು. ಒಳಗಿನ ಬೇರಿಂಗು ಸವೆದಿದೆ, ಚಕ್ರದ ನಡುವಿನ ಹಬ್ಬು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಬೇರಿಂಗು, ಹೊಸ ಗ್ರೀಸು ಹಾಕಬೇಕು ಎಂದು ತೀರ್ಪು ಕೊಟ್ಟ. ಇದನ್ನು ಮೊದಲೇ ಹೇಳಿದ್ದೆನಲ್ಲ ಎಂದೂ ಸೇರಿಸಿದ.

ಅಷ್ಟರಲ್ಲಿ ಹುಳು ಕೊನೆಯ ಜ್ವರದಿಂದ ಎದ್ದಿದ್ದವು. ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಕೊನೆಯ ಜ್ವರ ಮುಗಿದರೆ ಅವುಗಳ ಹಸಿವಿಗೆ ಮಿತಿ ಇಲ್ಲ, ಸೊಪ್ಪು ತಂದಷ್ಟೂ ಸಾಲದು. ಚಿಂತಾಮಣಿಯಲ್ಲಿ ಬಿಟ್ಟು ಬರೋಣವೆಂದರೆ ಸೊಪ್ಪು ಸಾಗಿಸಲು ಜೀಪು ಬೇಕು. ಊರಲ್ಲೇ ಬಿಚ್ಚೋಣವೆಂದರೆ ಗ್ರೀಸಿನ ಕೈಯಲ್ಲಿ ಮೇಷ್ಟರು ಹುಳುಮನೆಗೆ ಬರುವಂತಿಲ್ಲ. ರೇಷ್ಮೆಗೂಡು ಮಾರಿದ ಮಾರನೇ ದಿನವೇ ರಿಪೇರಿ ಎಂದು ಇಬ್ಬರೂ ನನ್ನ ಮೂಲಕ ಒಪ್ಪಂದಕ್ಕೆ ಬಂದರು. ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ನನಗೆ ತಿಳಿದದ್ದು ಆಗ. ನಾನು ಸಂಜೆಯ ಪಾಠ ಮಾತ್ರ ಬಿಡಲಿಲ್ಲ. ಸದ್ದು ಬಂದರೆ ಬರಲಿ, ಕೆರೆಯೊಳಗೆ ತಾನೇ.

ಒಂದು ದಿನ ಸದ್ದು ಪೂರ್ತಿ ನಿಂತುಹೋಯಿತು. ಜೀಪು ಹೊಸ ಮದುವಣಗಿತ್ತಿಯಂತೆ ಸದ್ದಿಲ್ಲದೆ ನಡೆಯಿತು. ನನ್ನ ಗಂಡನಿಗೆ ಆಶ್ಚರ್ಯವೇನೂ ಆಗಲಿಲ್ಲ. ಬೇರಿಂಗಿನ ಸವೆದ ಗುಂಡುಗಳು ಉರುಳುತ್ತ ಉರುಳುತ್ತ ತಮ್ಮ ಜಾಗ ತಾವೇ ಕಂಡುಕೊಳ್ಳುತ್ತವೆ, ಇದು ತಾನು ನಿಧಾನವಾಗಿ ಓಡಿಸಿದ್ದರ ಫಲ ಎಂದರು. ಒಂದು ಲೋಟದಲ್ಲಿ ಗೋಲಿಗಳನ್ನು ಹಾಕಿ ತಿರುಗಿಸಿ ನನಗೆ ತೋರಿಸಿದರು. ನಾನೂ ತಲೆಯಾಡಿಸಿದೆ. ಮಾವ ಕಂಬಕ್ಕೆ ಒರಗಿ ಕೂತು ಗೋಲಿಗಳನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ, ನನ್ನ ಮೂಲಕವೂ.

ಬೆಳೆ ಚೆನ್ನಾಗಿ ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಂದ ಗೂಡು ಬಿಡಿಸಿ, ಚೀಲಗಳಿಗೆ ತುಂಬಿ, ಒಂದು ಬೆಳಿಗ್ಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟೆವು. ಗೂಡು ಕಾಯುವ ಸರಕಲ್ಲ. ತಡಮಾಡಿದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದುಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಗಂಡ ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ಮಾವ, ಹಿಂದೆ ಚೀಲಗಳ ನಡುವೆ ನಾನು. ಮಾರಾಟ ಮುಗಿದ ಮೇಲೆ ಹಾಗೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಮ್ಮನನ್ನು ನೋಡಿ ಬರುವ ಆಸೆ ನನ್ನದು.

ಕೆರೆ ಏರಿ ದಾಟುವುದರೊಳಗೆ ಕಿರ್ರೆಂದು ಒಂದು ಕೂಗು, ಸುಟ್ಟ ವಾಸನೆ. ಜೀಪು ಎಡಕ್ಕೆ ಎಳೆದುಕೊಂಡು ಹೋಗಿ ನಿಂತಿತು. ಮುಂದಿನ ಎಡಗಡೆ ಚಕ್ರ ಕಚ್ಚಿಕೊಂಡಿತ್ತು. ಗಂಡ ಇಳಿದು, ಎಷ್ಟು ಬಿಸಿಯಾಗಿದೆ ನೋಡೋಣವೆಂದು ಇಡೀ ಅಂಗೈಯನ್ನು ಹಬ್ಬಿನ ಮೇಲೆ ಇಟ್ಟರು. ಎಷ್ಟು ಬಿಸಿಯಾಗಿದೆ ಎಂದು ತಕ್ಷಣ ಗೊತ್ತಾಯಿತು. ಮಾವ ತಮ್ಮ ಟವೆಲ್ಲು ನೆನೆಸಿ ನನ್ನ ಕೈಗೆ ಕೊಟ್ಟು, ಅವನ ಕೈಗೆ ಸುತ್ತಮ್ಮ ಎಂದರು.

ಗೂಡಿನ ಚೀಲಗಳನ್ನು ಹೊತ್ತು ಮನೆಗೆ ತಂದು ನೆರಳಿನಲ್ಲಿ ತೆಳ್ಳಗೆ ಹರಡಿದೆವು. ಬೇರೆಯವರ ಗಾಡಿಯಲ್ಲಿ ಕಳಿಸೋಣವೆಂದರೆ ಊರಿನವರ ಗಾಡಿಗಳೆಲ್ಲ ಅವರವರ ಗೂಡು ತುಂಬಿಕೊಂಡು ಹೋಗಿಬಿಟ್ಟಿದ್ದವು. ನನ್ನ ಗಂಡ ಸುಟ್ಟ ಕೈ ಎತ್ತಿ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು, ಇದು ಹೊರಡದೇ ಹೋದರೆ ಜೀಪನ್ನು ಗುಜರಿಗೆ ಹಾಕುವುದೇ ಸರಿ ಎಂದರು. ಗೌರಿಬಿದನೂರಿನ ಗುಜರಿಯವನೊಬ್ಬ ಆಗಾಗ ಬಂದು ಜೀಪಿನ ಸುತ್ತ ರಣಹದ್ದಿನಂತೆ ಸುತ್ತಿ ಹೋಗುತ್ತಿದ್ದ. ಇವರು ಅವನನ್ನು ಯಾವತ್ತೂ ಗದರಿ ಓಡಿಸುತ್ತಿದ್ದವರು, ಇವತ್ತು ತಾವೇ ಗುಜರಿಯ ಮಾತೆತ್ತಿದರು. ಗೂಡು ಹಾಳಾದರೆ ಇನ್ನೊಂದು ಬೆಳೆ ಇಡಬಹುದು. ಜೀಪು ಹೋದರೆ ನನಗೆ ಇನ್ನೊಂದು ಜೀಪು ಯಾರು ಕೊಡುತ್ತಾರೆ?

ಊರಿನವರು ಸೇರಿ ಜೀಪನ್ನು ಹುಣಸೆಮರದ ಕೆಳಗೆ ಎಳೆದು ತಂದರು, ಮೆಕ್ಯಾನಿಕ್ ಬಂದ. ಚಕ್ರ ಬಿಚ್ಚಿದ, ನಟ್ಟು ಬಿಚ್ಚಿದ, ಆದರೆ ಹಬ್ಬು ಅಲ್ಲಾಡಲಿಲ್ಲ. ಒಳಗಿನ ಬೇರಿಂಗು ಕಾದು ಅಚ್ಚಿಗೆ ಅಂಟಿಕೊಂಡುಬಿಟ್ಟಿತ್ತು. ಅದನ್ನು ಎಳೆಯುವ ಪುಲ್ಲರು ಎಂಬ ಸಾಮಾನನ್ನು ಅವನು ಶಿಡ್ಲಘಟ್ಟದ ಯಾರಿಗೋ ಕೊಟ್ಟು ಮರೆತಿದ್ದ. ಸುತ್ತಿಗೆಯಿಂದ ಬಡಿದ, ಬಿಸಿನೀರು ಸುರಿದ, ತೆಲುಗಿನಲ್ಲಿ ಬೈದ. ಊರಿನ ಅರ್ಧ ಜನ ಹುಣಸೆಮರದ ಕೆಳಗೆ ಸೇರಿ ಅವನಿಗೆ ಬುದ್ಧಿ ಹೇಳಿದರು. ಕೊನೆಗೆ ಅವನು ಸುತ್ತಿಗೆ ಕೆಳಗಿಟ್ಟು, "ಇದಿ ರಾದು ಸಾರ್. ಇದು ಬರಲ್ಲ" ಎಂದು ಎರಡೂ ಭಾಷೆಯಲ್ಲಿ ಕೈಚೆಲ್ಲಿದ.

ಆಗ ಮಾವ ಎದ್ದು ಹೋದರು. ಹಿಂದಿರುಗಿ ಬರುವಾಗ ಪಕ್ಕದ ಹೊಲದಲ್ಲಿ ಉಳುತ್ತಿದ್ದ ಜೋಡಿ ಎತ್ತುಗಳನ್ನು ಹಿಡಿದುಕೊಂಡು ಬಂದರು. ನಾನು ಆ ಮನೆಗೆ ಬಂದ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ನೋಡಿದ್ದೇ ಇಲ್ಲ. ಜೀಪಿನ ಬಲಗಡೆಯನ್ನು ಹುಣಸೆಮರಕ್ಕೆ ಬಿಗಿದು, ಎಡಗಡೆಯ ಹಬ್ಬಿಗೆ ಮಿಣಿ ಹಗ್ಗ ಸುತ್ತಿ ನೊಗಕ್ಕೆ ಕಟ್ಟಿಸಿದರು. ನನ್ನ ಗಂಡ ನನ್ನ ಮೂಲಕ ಬಲ, ಕೋನ, ದಿಕ್ಕುಗಳ ಬಗ್ಗೆ ಒಂದಿಷ್ಟು ಆಕ್ಷೇಪ ಎತ್ತಿದರು. ನಾನು ದಾಟಿಸಲಿಲ್ಲ. ಮಾವ ಎತ್ತಿನ ಬೆನ್ನು ಸವರಿ ಹಾ ಎಂದರು. ಮೊದಲ ಎಳೆತಕ್ಕೆ ಹುಣಸೆಮರ ಒಂದಿಷ್ಟು ಎಲೆ ಉದುರಿಸಿತು. ಎರಡನೆಯದಕ್ಕೆ ಜೀಪು ಇಡೀ ಮೈ ನರಳಿತು. ಮೆಕ್ಯಾನಿಕ್ ಹುರುಪುಗೊಂಡು ಮತ್ತೆ ಸುತ್ತಿಗೆ ಎತ್ತಿ ಬಡಿಯತೊಡಗಿದ. ಮೂರನೆಯ ಎಳೆತಕ್ಕೆ ಹಬ್ಬು ಟಪ್ಪೆಂದು ಕಿತ್ತುಕೊಂಡು ಬಂತು. ಎತ್ತುಗಳು ಆ ಸದ್ದಿಗೆ ಬೆದರಿ, ಹಬ್ಬನ್ನು ಡೋಲಿನಂತೆ ಬಡಿಸುತ್ತ ತಮ್ಮ ಕೊಟ್ಟಿಗೆಯ ಕಡೆ ಓಟ ಕಿತ್ತವು. ಅವುಗಳ ಹಿಂದೆ ಮೆಕ್ಯಾನಿಕ್, ಅವನ ಹಿಂದೆ ಊರು.

ಹಬ್ಬು ವಾಪಸ್ ಬಂದ ಮೇಲೆ ಎಲ್ಲರೂ ಬಗ್ಗಿ ನೋಡಿದೆವು. ಬೇರಿಂಗಿನ ಗುಂಡುಗಳು ನೀಲಿಗಟ್ಟಿ, ಚಪ್ಪಟೆಯಾಗಿ, ಕೆಲವು ಪುಡಿಯಾಗಿದ್ದವು. ಅವುಗಳ ಸುತ್ತ ಗ್ರೀಸಿನ ಬದಲು ಕರ್ರಗಿನ ಒಂದು ಅಂಟು. ಮೆಕ್ಯಾನಿಕ್ ಬೆರಳಲ್ಲಿ ತೆಗೆದು ಮೂಸಿ, ಆಮುದಂ ಎಂದ. ಹರಳೆಣ್ಣೆ ಎಂದು ಯಾರೂ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ, ವಾಸನೆ ಎಲ್ಲರ ಮೂಗಿಗೂ ಬಡಿದಿತ್ತು. ಹರಳೆಣ್ಣೆಗೆ ಹುಲ್ಲು ಸುಟ್ಟ ಬೂದಿ ಕಲಸಿ ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಅದು. ಗಾಡಿಚಕ್ರದ ನಡುವಿನ ಗುಂಬಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಜೀಪಿನ ಬೇರಿಂಗಿಗೆ ಹಾಕಿದರೆ ನಾಲ್ಕು ದಿನ ಸದ್ದು ಅಡಗುತ್ತದೆ, ಆಮೇಲೆ ಎಣ್ಣೆ ಕಾದು ಅಂಟಾಗಿ, ಬೂದಿ ಸಾಣೆ ಹಿಡಿದಂತೆ ಎಲ್ಲವನ್ನೂ ತಿಂದು ಹಾಕುತ್ತದೆ. ಊರಲ್ಲಿ ಕೀಲೆಣ್ಣೆ ಕಾಯಿಸುವವರು ಆಗ ಉಳಿದಿದ್ದದ್ದೇ ಒಬ್ಬರು. ಎತ್ತಿಲ್ಲದಿದ್ದರೂ ಅಭ್ಯಾಸ ಬಿಡದೆ ಕಾಯಿಸಿ ಬಿದಿರಿನ ಗೊಟ್ಟದಲ್ಲಿ ತುಂಬಿಡುತ್ತಿದ್ದರು. ಎಲ್ಲರ ಕಣ್ಣೂ ಮಾವನ ಕಡೆ ತಿರುಗಿತು.

ನನ್ನ ಗಂಡನ ಮುಖ ಬಿಳಿಚಿಕೊಂಡಿತು. ಅವರು ನನ್ನನ್ನೇ ನೋಡುತ್ತ, "ಎತ್ತು ಮಾರಿದ ಸಿಟ್ಟನ್ನ ಹೀಗೆ ತೀರಿಸ್ಕೋಬಾರದಿತ್ತು ಅಂತ ಅಪ್ಪನಿಗೆ ಹೇಳು. ಗೌರಿಬಿದನೂರಿನೋನು ನಾಳೆನೇ ಬರಲಿ. ಜೀಪು ತೊಲಗಲಿ, ಎತ್ತು ಬರಲಿ" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಮಾವ ಮಗನ ಎದುರಿಗೆ ಬಂದು ನಿಂತರು. ಎತ್ತು ಹೋದ ಮೇಲೆ ಮೊದಲ ಸಲ ಮಗನ ಮುಖ ನೋಡಿ ಮಾತಾಡಿದರು.

"ಮಾರಬೇಡ ಕಣೋ" ಎಂದರು. "ಈ ಹುಡುಗಿ ಕೆರೆ ಅಂಗಳದಲ್ಲಿ ಓಡಿಸ್ತಿದ್ದಿದ್ದನ್ನ ದಿನಾ ಏರಿ ಮೇಲೆ ನಿಂತು ನೋಡ್ತಿದ್ದೆ. ಚಕ್ರ ವಾಲಾಡ್ತಿತ್ತು. ನೀನಾದ್ರೆ ಬಿದ್ರೂ ಎದ್ದು ಬರ್ತೀಯ. ಇವಳು ಇನ್ನೊಬ್ಬರ ಮನೆ ಮಗಳು, ಏನಾದ್ರೂ ಆದ್ರೆ ಅವರಪ್ಪನಿಗೆ ಏನು ಹೇಳ್ಲಿ? ಗ್ರೀಸು ತಂದ್ರೆ ಹುಳ ಸಾಯ್ತವೆ. ಅದಕ್ಕೇ ನಾನೇ ಚಕ್ರದ ಮುಚ್ಚಳ ತೆಗೆದು ನಮ್ಮ ಕೀಲೆಣ್ಣೆ ತುಂಬ್ದೆ. ಅವಳು ಓಡಿಸ್ಲಿ ಅಂತ."

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ದಿನವೂ ನೋಡುತ್ತಿದ್ದ ಮಹಾನುಭಾವರು ಒಂದು ಮಾತು ಹೇಳಿದ್ದರೆ ನಾನು ಸೀಟಿನ ಕೆಳಗೆ ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಳ್ಳುತ್ತಿರಲಿಲ್ಲ. ಹಾಗೆಂದು ಅಳುತ್ತಲೇ ಹೇಳಿಬಿಟ್ಟೆ. ನೀನು ಬಗ್ಗಿದಾಗಲೇ ಕಣಮ್ಮ ನನಗೆ ಹೆಚ್ಚು ಭಯ ಆಗ್ತಿದ್ದಿದ್ದು ಎಂದರು ಮಾವ. ನನ್ನ ಗಂಡ ಕೈಗೆ ಸುತ್ತಿದ ಟವೆಲ್ಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. ಗೋಲಿಗಳ ಸಿದ್ಧಾಂತವನ್ನು ಆಮೇಲೆ ಅವರು ಯಾರಿಗೂ ವಿವರಿಸಲಿಲ್ಲ.

ಅವರು ಅದೇ ಕೈಯಲ್ಲಿ ಬಸ್ಸು ಹತ್ತಿ, ಚಿಂತಾಮಣಿಯಲ್ಲಿ ಸಿಗದೆ ಚಿಕ್ಕಬಳ್ಳಾಪುರದವರೆಗೂ ಹೋಗಿ ಬೇರಿಂಗು ತಂದರು. ಮಾರನೇ ಬೆಳಿಗ್ಗೆ ಮೆಕ್ಯಾನಿಕ್ ಹಬ್ಬನ್ನು ತೊಳೆದು, ಕೂರಿಸಿ, ಹಳದಿ ಗ್ರೀಸನ್ನು ಬೆಣ್ಣೆಯಂತೆ ತುಂಬಿದ. ಮಾವ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಗ್ರೀಸನ್ನು ಬೆರಳಿನಿಂದ ತಿಕ್ಕಿ ನೋಡಿ, ಇದರಲ್ಲಿ ಬೂದಿ ಇಲ್ವೇ ಎಂದು ಅನುಮಾನದಿಂದ ಕೇಳಿದರು. ಚೀಲಗಳನ್ನು ತುಂಬಿದ್ದಾಯಿತು. ನನ್ನ ಗಂಡನ ಬಲಗೈ ಸ್ಟೇರಿಂಗ್ ಹಿಡಿಯುವ ಹಾಗಿರಲಿಲ್ಲ. ಯಾರನ್ನು ಕರೆಯೋಣ ಎಂದು ಅವರು ಯೋಚಿಸುತ್ತ ನಿಂತಿದ್ದಾಗ ಮಾವ ಹೋಗಿ ಮುಂದಿನ ಸೀಟಿನಲ್ಲಿ ಕೂತು, ಅವಳಿಲ್ವಾ ಎಂದರು. ಲೈಸೆನ್ಸು ಆಮೇಲೆ ಬಂತು, ಆ ಮಾತು ಇಲ್ಲಿ ಬೇಡ.

ಕೆರೆಯ ಆಚೆಗೆ ನಾನು ಜೀಪು ಓಡಿಸಿದ್ದು ಅದೇ ಮೊದಲು. ಶಿಡ್ಲಘಟ್ಟ ತಲುಪುವವರೆಗೂ ನನ್ನ ಸೆರಗು ಬೆವರಿನಿಂದ ಬೆನ್ನಿಗಂಟಿಕೊಂಡಿತ್ತು. ಗೂಡು ತೂತು ಬೀಳುವ ಮೊದಲೇ ಮಾರಾಟವಾಯಿತು. ಹಿಂದಿರುಗುವಾಗ ಹಿಂದಿನ ಸೀಟಿನಿಂದ ಮೇಷ್ಟರು ಪ್ರತಿ ತಿರುವಿಗೂ ಒಂದೊಂದು ಸೂಚನೆ ಕೊಡುತ್ತಿದ್ದರು. ಮಾವ ನನ್ನ ಬಗ್ಗೆ ಒಳ್ಳೆಯದೋ ಕೆಟ್ಟದೋ ಒಂದು ಮಾತಾದರೂ ಹೇಳಲಿ ಎಂದು ನಾನು ಕಾದೆ. ಅವರು ತುಟಿ ಬಿಚ್ಚಲಿಲ್ಲ. ನನಗೆ ಒಳಗೊಳಗೇ ಉರಿಯುತ್ತಿತ್ತು. ಇಷ್ಟು ದೂರ ಕರೆತಂದವಳಿಗೆ ಒಂದು ಮಾತಿಗೂ ಗತಿಯಿಲ್ಲವೇ ಎಂದುಕೊಂಡು ಪಕ್ಕಕ್ಕೆ ತಿರುಗಿ ನೋಡಿದೆ.

ಅವರು ನಿದ್ದೆ ಹೋಗಿದ್ದರು. ಎರಡೂ ಕೈ ಮಡಿಲಲ್ಲಿ, ಬಾಯಿ ಸ್ವಲ್ಪ ತೆರೆದು, ಹಳ್ಳ ಬಂದಾಗಲೆಲ್ಲ ತಲೆ ನನ್ನ ಭುಜದ ಕಡೆ ವಾಲುತ್ತಿತ್ತು.

ಹಿಂದಿನಿಂದ ನನ್ನ ಗಂಡ ಮುಂದಕ್ಕೆ ಬಗ್ಗಿ ಅಪ್ಪನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ನಾನು ಓಡಿಸಿದಾಗೆಲ್ಲ ಅಪ್ಪ ಕಂಬಿ ಹಿಡ್ಕೊಂಡೇ ಕೂತಿರ್ತಿದ್ದ ಕಣೇ" ಎಂದರು. ನಾನು ಗೇರು ಇಳಿಸಿ, ಹಳ್ಳಗಳನ್ನು ತಪ್ಪಿಸಿಕೊಂಡು, ಆದಷ್ಟು ನಿಧಾನವಾಗಿ ಊರಿನ ಕಡೆ ನಡೆಸಿದೆ.